ಮೆಣಸಿನ ಏಣಿ ಅಂಗಡಿಗೆ ಬಂದ ದಿನ

ಡಿಸೆಂಬರ್ 19ರ ಬೆಳಿಗ್ಗೆ. ಮಡಿಕೇರಿಯಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ರಾಜಾಸೀಟಿಗೆ ಹೋಗುವ ರಸ್ತೆಯಲ್ಲಿ ಒಂದು ಖಾಲಿ ಮಳಿಗೆಯ ಮುಂದೆ ಪಿಕಪ್ ಬರುವುದನ್ನು ಕಾಯುತ್ತಾ ನಿಂತಿದ್ದೆ. ಒಳಗೆ ಒಂದು ಬಲ್ಬು, ನಾಲ್ಕು ಗೋಡೆ, ಅಷ್ಟೇ. ಮರುದಿನದಿಂದ ಜನವರಿ 5ರವರೆಗೆ, 17 ದಿನ ಅದು ನಮ್ಮ ಅಂಗಡಿ. ಕಾಫಿ ಪುಡಿ, ಕರಿಮೆಣಸು, ಜೇನು, ಅಡುಗೆಗೆ ಹಾಕುವ ಕೊಡಗಿನ ಹುಳಿರಸ ಕಾಚಂಪುಳಿ. ಕ್ರಿಸ್‌ಮಸ್‌ಗೂ ಹೊಸ ವರ್ಷಕ್ಕೂ ಊರು ತುಂಬುವ ದಿನಗಳು.

ಅದಕ್ಕೂ ಎರಡು ತಿಂಗಳು ಮುಂಚೆ, ದಸರಾಕ್ಕೂ ಹೀಗೇ ಅಂಗಡಿ ಹಾಕಿದ್ದೆವು. ಆಗ ಪಾರ್ಟಿಕಲ್ ಬೋರ್ಡಿನ ಆರು ರ‍್ಯಾಕ್ ಹೊಸದಾಗಿ ಕೊಂಡೆ. 22,000 ರೂಪಾಯಿ. ನೋಡಲು ಚೆನ್ನಾಗಿಯೇ ಇದ್ದವು. ಆದರೆ ಮಡಿಕೇರಿ ದಸರಾ ಅಂದಮೇಲೆ ಮಳೆ ಬಾರದೆ ಇರುತ್ತದಾ? ಐದನೇ ದಿನ ಬಾಗಿಲ ಹತ್ತಿರದ ರ‍್ಯಾಕಿನ ಕಾಲು ನೀರು ಕುಡಿದು ಊದಿಕೊಂಡಿತು. ಪಾರ್ಟಿಕಲ್ ಬೋರ್ಡ್ ಅಂದರೆ ಮರದ ಚೂರುಗಳನ್ನು ಅಂಟು ಹಾಕಿ ಒತ್ತಿದ ಹಲಗೆ. ನೆನೆದರೆ ಉಬ್ಬುತ್ತದೆ, ಆಮೇಲೆ ಸ್ಕ್ರೂ ಹಿಡಿಯುವುದಿಲ್ಲ. ಹತ್ತು ದಿನ ಮುಗಿಯುವಷ್ಟರಲ್ಲಿ ನಾಲ್ಕು ರ‍್ಯಾಕ್ ಕೆಲಸಕ್ಕೆ ಬಾರದಂತಾದವು. ಮನೆಗೆ ತಂದು ಬಚ್ಚಲ ಒಲೆಗೆ ಹಾಕೋಣ ಅಂದರೆ ಅದೂ ಆಗದು. ಅದರ ಅಂಟಿನಲ್ಲಿ ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಇರುತ್ತದೆ, ಸುಟ್ಟರೆ ಹೊಗೆ ಕೆಟ್ಟದ್ದು. ಕೊನೆಗೆ ಕಸದ ಗಾಡಿಗೆ ಕೊಟ್ಟೆ. ಹತ್ತು ದಿನದ ಅಂಗಡಿಗೆ ಇಷ್ಟು ಕಸ ಮಾಡಿದೆವಲ್ಲ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ.

ಹಾಗಾಗಿ ಈ ಸಲ ಏನನ್ನೂ ಕೊಳ್ಳುವುದು ಬೇಡ ಅಂತ ನಾವು ಮೂವರು ಹೆಂಗಸರೂ ಕೂತು ತೀರ್ಮಾನ ಮಾಡಿದೆವು. ಎಲ್ಲ ಬಾಡಿಗೆಗೇ.

ಮೊದಲು ಬೆಂಗಳೂರಿನಿಂದ ತರಿಸುವ ಯೋಚನೆ ಬಂತು. ಅಲ್ಲಿ ಅಂಗಡಿಗೆ ಬೇಕಾದ ಕೌಂಟರು, ಲೈಟು ಎಲ್ಲ ಬಾಡಿಗೆಗೆ ಸಿಗುತ್ತದೆ. ಆದರೆ 17 ದಿನಕ್ಕೋಸ್ಕರ ಒಂದು ಲಾರಿ ಅಷ್ಟು ದೂರದಿಂದ ಘಾಟಿ ಹತ್ತಿ ಬಂದು, ಖಾಲಿ ಹೋಗಿ, ಮತ್ತೆ ಬಂದು ತುಂಬಿಕೊಂಡು ಹೋಗಬೇಕು. ಅಷ್ಟು ಡೀಸೆಲ್ ಸುಟ್ಟಮೇಲೆ ಉಳಿಸಿದ್ದಾದರೂ ಏನು? ಬಾಡಿಗೆ ಅಂದ ಮಾತ್ರಕ್ಕೆ ಒಳ್ಳೆಯದು ಅಂತ ನನಗೆ ಅನ್ನಿಸುವುದಿಲ್ಲ. ಸಾಮಾನು ಹತ್ತಿರದಲ್ಲಿ ಇರಬೇಕು. ಮುಖ್ಯವಾಗಿ, ಆ ಹೊತ್ತಿಗೆ ಅದು ಯಾರ ಬಳಿಯೋ ಸುಮ್ನೆ ಬಿದ್ದಿರಬೇಕು.

ಡಿಸೆಂಬರ್‌ನಲ್ಲಿ ಕೊಡಗಿನಲ್ಲಿ ಏನು ಸುಮ್ನೆ ಬಿದ್ದಿರುತ್ತದೆ? ಇದನ್ನು ಯೋಚಿಸುತ್ತಾ ಹೋದಂತೆ ದಾರಿ ಕಾಣಿಸಿತು. ಗೋಣಿಚೀಲ ಸಿಗುವುದಿಲ್ಲ. ಅರೇಬಿಕಾ ಕಾಫಿ ಕೊಯ್ಲು ನಡೆಯುತ್ತಿರುತ್ತದೆ, ಅದಾದ ಮೇಲೆ ರೋಬಸ್ಟಾ. ಚೀಲಕ್ಕೆ ಕಣದಲ್ಲೇ ಕೆಲಸ. ಆದರೆ ಮೆಣಸು ಕೊಯ್ಯುವುದು ಕಾಫಿ ಮುಗಿದ ಮೇಲೆ, ಫೆಬ್ರವರಿಯಿಂದ ಮುಂದಕ್ಕೆ. ಅಲ್ಲಿಯವರೆಗೆ ಮೆಣಸು ಕೊಯ್ಯಲು ಹತ್ತುವ ಏಣಿಗಳು ಗೋಡೌನಿನಲ್ಲಿ ಮಲಗಿರುತ್ತವೆ! ಇನ್ನು ಧನುರ್ಮಾಸದಲ್ಲಿ ತುಂಬಾ ಜನ ಮದುವೆ ಇಡುವುದಿಲ್ಲ, ಹಾಗಾಗಿ ಶಾಮಿಯಾನದವರ ಹತ್ತಿರವೂ ಟೇಬಲ್ಲು ಕುರ್ಚಿ ಮಿಕ್ಕಿರುತ್ತವೆ.

ಪರಿಚಯದ ತೋಟದ ರೈಟರ್, ಅಂದರೆ ತೋಟದ ಲೆಕ್ಕ ನೋಡಿಕೊಳ್ಳುವವರ ಹತ್ತಿರ ಕೇಳಿದೆ. "ಏಣಿಯಾ? ಅಂಗಡಿಯಲ್ಲಿ ಮೆಣಸು ಬಳ್ಳಿ ಎಲ್ಲಿದೆ ಅಕ್ಕ?" ಅಂದರು. ಕಾಗದದಲ್ಲಿ ಚಿತ್ರ ಬರೆದು ತೋರಿಸಿದ ಮೇಲೆ ಒಪ್ಪಿದರು. ಮೆಣಸಿನ ಬಳ್ಳಿ ಹಬ್ಬಿಸಿದ ಸಿಲ್ವರ್ ಓಕ್ ಮರಕ್ಕೆ ಹತ್ತುವ ಉದ್ದದ ಏಣಿ ಅಲ್ಲ, ಎಳೆ ಬಳ್ಳಿಗೆ ಬಳಸುವ ಏಳೆಂಟು ಅಡಿಯ ಬಿದಿರಿನ ಏಣಿ, ಎಂಟು. ಕೆಲಸದವರ ಲೈನ್‌ಮನೆ ರಿಪೇರಿಗೆ ಕೊಯ್ಯಿಸಿ ಇಟ್ಟಿದ್ದ ಸಿಲ್ವರ್ ಮರದ ಹಲಗೆಯನ್ನೂ ಕೊಟ್ಟರು. ಒಂದೇ ಷರತ್ತು. ಯಾವುದಕ್ಕೂ ಮೊಳೆ ಹೊಡೆಯಬಾರದು.

ಪಿಕಪ್ ಬಂದಾಗ ಒಂಬತ್ತು ಗಂಟೆ. ಎರಡೆರಡು ಏಣಿಯ ತಲೆಗಳನ್ನು ಸೇರಿಸಿ ಹಗ್ಗದಿಂದ ಬಿಗಿದೆವು. ಅಂಥ ಎರಡು ಜೋಡಿ ಎದುರುಬದುರು ನಿಲ್ಲಿಸಿ, ಮೆಟ್ಟಿಲುಗಳ ಮೇಲೆ ಹಲಗೆ ತೂರಿಸಿದರೆ ಒಂದು ರ‍್ಯಾಕ್. ಕೆಳಗೆ ಅಗಲ, ಮೇಲೆ ಸಣ್ಣದು. ಜೇನಿನ ಬಾಟಲಿ ಭಾರ, ಅದನ್ನು ಕೆಳಗಿನ ಹಲಗೆಗೆ ಇಟ್ಟೆವು. ಟೈಲ್ಸ್ ನೆಲದಲ್ಲಿ ಏಣಿಯ ಕಾಲು ಜಾರತೊಡಗಿತು. ಪಕ್ಕದ ಪಂಕ್ಚರ್ ಅಂಗಡಿಯವರು ಹಳೆಯ ಟ್ಯೂಬ್ ಕತ್ತರಿಸಿ ಕೊಟ್ಟರು. ಕಾಲಿಗೆ ಸುತ್ತಿ ಕಟ್ಟಿದ ಮೇಲೆ ನಾನೇ ಹಲಗೆ ಹಿಡಿದು ಜೋತುಬಿದ್ದು ನೋಡಿದೆ. ಅಲುಗಾಡಲಿಲ್ಲ.

ಗಲ್ಲಾದ ಮೇಜು ಕುಶಾಲನಗರದ ಹಳೇ ಫರ್ನಿಚರ್ ಅಂಗಡಿಯಿಂದ ಬಂತು. ಯಾರೂ ಕೊಳ್ಳದೆ ನಿಂತಿದ್ದದ್ದು. ಶಾಮಿಯಾನದವರು ಕಬ್ಬಿಣದ ಟೇಬಲ್ ಎರಡು, ಕುರ್ಚಿ ನಾಲ್ಕು ಕೊಟ್ಟರು. ರುಚಿ ನೋಡಲು ಕಾಫಿ ಕೊಡುವ ಮೂಲೆಗೆ ನಮ್ಮ ಬೀದಿಯ ಒಬ್ಬ ಅಜ್ಜಿ ತಮ್ಮ ಮನೆಯ ಹಲಸಿನ ಮರದ ಮೇಜು ಕಳಿಸಿದರು. ಬಾಡಿಗೆ ಬೇಡ ಅಂದರು. ನಾವು ಒಪ್ಪಲಿಲ್ಲ. ಬಾಡಿಗೆ ಅಂತ ಕೊಟ್ಟರೆ ಹೇಳುವುದಕ್ಕೂ ಕೇಳುವುದಕ್ಕೂ ಇಬ್ಬರಿಗೂ ಸಲೀಸು. ಫ್ಲೆಕ್ಸ್ ಮಾಡಿಸದೆ ಬಿಳಿ ಬಟ್ಟೆಯ ಮೇಲೆ ಬಣ್ಣದಲ್ಲಿ ಬೋರ್ಡ್ ಬರೆಸಿದೆವು. ಎಲ್ಲ ಬಾಡಿಗೆ, ಪಿಕಪ್ ಖರ್ಚು ಸೇರಿ 9,400 ರೂಪಾಯಿ ಆಯಿತು.

ಜನ ಒಳಗೆ ಬಂದವರು ಮೊದಲು ಏಣಿಯನ್ನೇ ನೋಡುತ್ತಿದ್ದರು. ಮೆಣಸು ಹೇಗೆ ಕೊಯ್ಯುತ್ತಾರೆ ಅಂತ ಕೇಳುತ್ತಿದ್ದರು. ಹೇಳುತ್ತಾ ಹೇಳುತ್ತಾ ಮೆಣಸೂ ಮಾರಾಟವಾಗುತ್ತಿತ್ತು.

ಡಿಸೆಂಬರ್ 28ರಂದು ಒಂದು ಅನಾಹುತ ಆಯಿತು. ಅವತ್ತು ಅಂಗಡಿ ತುಂಬಾ ಜನ. ನನ್ನ ಕೈ ತಗುಲಿ ಕಾಚಂಪುಳಿ ಬಾಟಲಿ ಅಜ್ಜಿಯ ಮೇಜಿನ ಮೇಲೆ ಒಡೆಯಿತು. ಗಿರಾಕಿಗಳ ನಡುವೆ ತಕ್ಷಣ ಒರೆಸಲಾಗಲಿಲ್ಲ. ಕಾಚಂಪುಳಿ ಕಪ್ಪಗೆ, ಮಂದ, ವಿಪರೀತ ಹುಳಿ. ಅಂಗೈ ಅಗಲ ಪಾಲಿಶ್ ಎದ್ದು ಬಂತು. ನನಗೆ ಅಳುವೇ ಬಂತು. ಅಂದು ಸಂಜೆಯೇ ಹೋಗಿ ವಿಷಯ ಹೇಳಿದೆ. ಅಜ್ಜಿ ಕೇಳಿಸಿಕೊಂಡು, "ಮೇಜು ಗಟ್ಟಿ ಇದೆಯಲ್ಲ ಮಗಳೇ, ಮೇಲಿನದ್ದು ತಾನೇ ಹೋದದ್ದು," ಅಂದರು. ಅಂಗಡಿ ಮುಗಿದ ಮೇಲೆ ಬಡಗಿಯನ್ನು ಕರೆಸಿ, ಉಜ್ಜಿಸಿ, ಇಡೀ ಮೇಜಿಗೆ ಪಾಲಿಶ್ ಹಾಕಿಸಿಕೊಟ್ಟೆ. ಆ ಖರ್ಚು 9,400ರಲ್ಲಿ ಸೇರಿಲ್ಲ, ಅದು ಬೇರೆ. ಅದೇ ಪಾರ್ಟಿಕಲ್ ಬೋರ್ಡಿನ ಮೇಲ್ಪದರ ಕಿತ್ತು ಬಂದಿದ್ದರೆ ಉಜ್ಜಿ ಸರಿಮಾಡುವ ಮಾತೇ ಇರಲಿಲ್ಲ.

ಜನವರಿ 6ಕ್ಕೆ ಅಂಗಡಿ ಬಿಚ್ಚಿದೆವು. ಹಗ್ಗ ಬಿಚ್ಚಿ, ಹಲಗೆ ಒರೆಸಿ ತುಂಬಲು ಎರಡು ಗಂಟೆ ಸಾಕಾಯಿತು. ಗುಡಿಸಿದ ಮೇಲೆ ಉಳಿದದ್ದು ಅರ್ಧ ಚೀಲ ರಟ್ಟು, ಹಳೆ ಟ್ಯೂಬಿನ ತುಂಡುಗಳು. ಟ್ಯೂಬನ್ನು ಮುಂದಿನ ಸಲಕ್ಕೆ ಅಂತ ಎತ್ತಿಟ್ಟೆ.

ತೋಟದಲ್ಲಿ ರೈಟರ್ ಒಂದೊಂದೇ ಏಣಿ ಇಳಿಸಿಕೊಂಡರು. ಪ್ರತಿ ಮೆಟ್ಟಿಲನ್ನೂ ಕಾಲಿನಿಂದ ಒತ್ತಿ ನೋಡಿದರು. ಒಂದರಲ್ಲಿ ಮೂರನೇ ಮೆಟ್ಟಿಲು ಸ್ವಲ್ಪ ಸಡಿಲ. "ಇದು ನಿಮ್ಮಿಂದ ಆದದ್ದಲ್ಲ, ಹೋದ ವರ್ಷದ್ದು. ನೋಡಿದ್ದು ಒಳ್ಳೆಯದಾಯಿತು, ಮೆಣಸಿಗೆ ಹತ್ತುವ ಮುಂಚೆ ಕಟ್ಟಿಸುತ್ತೇನೆ," ಅಂದರು. ಅಂಗಳದ ತುಂಬಾ ಕಾಫಿ ಹರಡಿತ್ತು. ಅದನ್ನು ತುಳಿಯದಂತೆ ಬದಿಯಿಂದ ಏಣಿಗಳನ್ನು ಗೋಡೌನಿಗೆ ಹೊತ್ತುಕೊಂಡು ಹೋದೆವು.