ಮುಮ್ಮಡಿಯೋ, ಮೂರು ಪಟ್ಟೋ, ತ್ರಿವಳಿಯೋ: ಅನುವಾದದ ಮೇಜಿನಿಂದ

ಇಂಗ್ಲಿಷ್ ಪ್ರತಿಯಲ್ಲಿ ‘ಟ್ರಿಪಲ್’ ಕಂಡ ಕೂಡಲೇ ಕೈ ತಾನಾಗಿ ‘ಮೂರು ಪಟ್ಟು’ ಎಂದು ಟೈಪ್ ಮಾಡಿಬಿಡುತ್ತದೆ. ತಪ್ಪು ಹುಟ್ಟುವುದು ಅಲ್ಲೇ. ಮೂರರಿಂದ ಗುಣಿಸಿದ್ದೋ, ಸಾಲಿನಲ್ಲಿ ಮೂರನೆಯದೋ, ಮೂರು ಕೂಡಿ ಒಂದಾದದ್ದೋ ಎಂದು ಮೊದಲು ನೋಡಿಕೊಳ್ಳಬೇಕು. ಸಾಮಾನ್ಯವಾಗಿ ಕನ್ನಡದಲ್ಲಿ ಇವಕ್ಕೆ ಬೇರೆ ಬೇರೆ ಪದಗಳೇ ಇವೆ. ಎರಡು ಕಡೆ ಕಾಲಿಟ್ಟು ನಿಂತಿರುವುದು ‘ಮುಮ್ಮಡಿ’.

ಮಡಿ ಅಂದರೆ ಪದರ, ಪಟ್ಟು. ಬಟ್ಟೆ ಮಡಿಸುವುದರಲ್ಲಿ ಇರುವುದೂ ಅದೇ. ಮೂರು ಮಡಿ ಸೇರಿ ಮುಮ್ಮಡಿ, ಎರಡಾದರೆ ಇಮ್ಮಡಿ. ನಾಲ್ಕಕ್ಕೆ ಬಂದಾಗ ಮಕಾರ ವಕಾರವಾಗಿ ನಾಲ್ವಡಿ. ‘ಖರ್ಚು ಮುಮ್ಮಡಿಯಾಯಿತು’ ಎಂದಾಗ ಇದು ಗುಣಾಕಾರ. ‘ಮುಮ್ಮಡಿ ಕೃಷ್ಣರಾಜ ಒಡೆಯರ್’ ಎಂದಾಗ ಆ ಹೆಸರಿನ ಮೂರನೆಯ ದೊರೆ, ಅಷ್ಟೇ. ಈ ಬಳಕೆ ನಮ್ಮ ಅರಸರಿಗೆ ಮಾತ್ರ ಒಗ್ಗುತ್ತದೆ: ಇಮ್ಮಡಿ ಪುಲಕೇಶಿ ಸರಿ, ‘ಇಮ್ಮಡಿ ಎಲಿಜಬೆತ್’ ನಗೆಪಾಟಲು. ನಾಲ್ಕು ದಾಟಿದರೆ ನಮ್ಮವರಿಗೂ ‘ನೇ’ ಪ್ರತ್ಯಯವೇ ಗತಿ: ಆರನೇ ವಿಕ್ರಮಾದಿತ್ಯ, ಹತ್ತನೇ ಚಾಮರಾಜ ಒಡೆಯರ್.

ಇಲ್ಲಿ ಪದೇ ಪದೇ ಆಗುವ ಎಡವಟ್ಟು ಕನ್ನಂಬಾಡಿ ಕಟ್ಟೆಯನ್ನು ಮುಮ್ಮಡಿಯವರ ಲೆಕ್ಕಕ್ಕೆ ಬರೆಯುವುದು. ಮುಮ್ಮಡಿಯವರು ತೀರಿಕೊಂಡದ್ದು 1868ರಲ್ಲಿ. ಕಟ್ಟೆ ಕಟ್ಟಿಸಿದ ನಾಲ್ವಡಿ ಕೃಷ್ಣರಾಜ ಒಡೆಯರು ಹುಟ್ಟಿದ್ದೇ 1884ರಲ್ಲಿ, ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಮೂಲದಲ್ಲಿ ರೋಮನ್ ಅಂಕಿ III, IV ಎಂದಿರುತ್ತದೆ, ಅವಸರದಲ್ಲಿ ಒಂದು ಗೆರೆ ಅತ್ತಿತ್ತ ಆಗುತ್ತದೆ. ಹೆಸರಿನ ಜೊತೆ ಇಸವಿ ತಾಳೆ ನೋಡಿದರೆ ಅರ್ಧ ನಿಮಿಷದಲ್ಲಿ ಸಿಕ್ಕಿಬೀಳುವ ತಪ್ಪಿದು.

ಇನ್ನೊಂದು, ಕಣ್ಣಿಗೆ ಸುಲಭವಾಗಿ ಬೀಳದ್ದು: ಮುಮ್ಮುಡಿ. ರಾಜರಾಜ ಚೋಳನ ಬಿರುದು ‘ಮುಮ್ಮುಡಿ ಚೋಳ’. ಅಲ್ಲಿ ಮುಡಿ ಅಂದರೆ ಕಿರೀಟ. ಮೂರು ಕಿರೀಟಗಳ ಒಡೆಯ ಎಂದರ್ಥ. ಕರಡು ತಿದ್ದುವವರು ಒಂದು ಕೊಂಬು ಹೆಚ್ಚಾಯಿತೆಂದು ತೆಗೆದರೆ ಅವನು ‘ಮೂರನೇ ಚೋಳ’ ಆಗಿಬಿಡುತ್ತಾನೆ. ‘ಮು’ದಿಂದ ಶುರುವಾದದ್ದೆಲ್ಲ ಮೂರಲ್ಲ ಎಂಬುದೂ ನೆನಪಿರಲಿ. ಮುಕ್ಕಣ್ಣ, ಮುನ್ನೂರು, ಮುಪ್ಪುರಿ ಹಗ್ಗಗಳಲ್ಲಿ ಮೂರಿದೆ; ಮುಂಗಾರು, ಮುನ್ನುಡಿಗಳಲ್ಲಿ ಇರುವುದು ‘ಮುಂದೆ’. ಮುಕ್ಕಾಲಿನಲ್ಲಿ ಮೂರಿದ್ದರೂ ಅದು ಒಂದಕ್ಕಿಂತ ಕಡಿಮೆ.

ಈಗ ದುಡ್ಡಿನ ವಿಷಯ. ಟೊಮೆಟೊ ಕಿಲೋಗೆ ₹40 ಇದ್ದದ್ದು ₹120 ಆಯಿತು ಅಂದುಕೊಳ್ಳಿ. ‘ಬೆಲೆ ಮೂರು ಪಟ್ಟಾಗಿದೆ’ ಸರಿ. ‘ಶೇ 200ರಷ್ಟು ಏರಿದೆ’ ಕೂಡ ಸರಿ. ‘ಶೇ 300 ಏರಿಕೆ’ ತಪ್ಪು. ಹಾಗೆ ಏರಿದ್ದರೆ ₹160 ಆಗಬೇಕಿತ್ತು. ‘ಮೂರು ಪಟ್ಟು ಹೆಚ್ಚಾಗಿದೆ’ ಎಂದರೆ ಕೆಲವರು 120 ಎಂದು ಓದುತ್ತಾರೆ, ಲೆಕ್ಕದ ಮೇಷ್ಟ್ರು 160 ಎನ್ನುತ್ತಾರೆ. ಹಾಗಾಗಿ ‘ಪಟ್ಟು’ ಬಂದ ಕಡೆ ‘ಹೆಚ್ಚು’ ಬೇಡ, ಎರಡೂ ಅಂಕಿ ಕೊಟ್ಟರೆ ಇನ್ನೂ ಒಳ್ಳೆಯದು. ‘ಮೂರು ಪಟ್ಟು ಕಡಿಮೆ’ಯಂತೂ ಇಂಗ್ಲಿಷಿನ ನೆರಳು. ನಾವು ಹೇಳುವುದು ‘ಮೂರನೇ ಒಂದು ಭಾಗಕ್ಕೆ ಇಳಿದಿದೆ’ ಎಂದು. ಅಳತೆಯಲ್ಲೂ ಇಂಥದ್ದೇ ಗುಂಡಿ ಇದೆ: ತೊಟ್ಟಿಯ ಉದ್ದ, ಅಗಲ, ಆಳ ಮೂರೂ ಮೂರು ಪಟ್ಟಾದರೆ ಹಿಡಿಯುವ ನೀರು 27 ಪಟ್ಟು. ‘ಮೂರು ಪಟ್ಟು ದೊಡ್ಡ ತೊಟ್ಟಿ’ ಎಂದಿದ್ದರೆ ಯಾವುದು ಎಂದು ಕೇಳಲೇಬೇಕು. (ಶೀರ್ಷಿಕೆ ಕೊಡುವವರಿಗೆ: ‘ಮೂರು ಪಟ್ಟು ಸಂಬಳಕ್ಕೆ ನೌಕರರ ಪಟ್ಟು’ ಬೇಡ.)

‘ತ್ರಿ’ ಸೇರಿದ ಪದಗಳು ಬಹುಪಾಲು ಕೂಟವನ್ನು ಹೇಳುತ್ತವೆ. ನೆಲ್ಲಿ, ಅಳಲೆ, ತಾರೆ ಸೇರಿದರೆ ತ್ರಿಫಲಾ. ಶುಂಠಿ, ಮೆಣಸು, ಹಿಪ್ಪಲಿ ಸೇರಿದರೆ ತ್ರಿಕಟು. ಸಂಸ್ಕೃತದಲ್ಲಿ ‘ತ್ರಿಗುಣ’ಕ್ಕೆ ಮೂರು ಪಟ್ಟು ಎಂಬ ಅರ್ಥವೂ ಇದೆ, ಆದರೆ ಕನ್ನಡದ ಓದುಗರು ಸತ್ವ, ರಜ, ತಮಗಳಿಗೆ ಹೋಗಿಬಿಡುತ್ತಾರೆ. ಒಂದೇ ಹೆರಿಗೆಯ ಮೂರು ಮಕ್ಕಳಿಗೆ ‘ತ್ರಿವಳಿ’ ಈಗ ನೆಲೆನಿಂತ ಪದ. ಹಳೆಯ ಕಾವ್ಯ ಓದಿದವರಿಗೆ ಮಾತ್ರ ಅದು ಹೊಟ್ಟೆಯ ಮೇಲಿನ ಮೂರು ಮಡಿಕೆ.

ಕ್ರೀಡಾಪುಟದಲ್ಲಿ ತ್ರಿಶತಕ ಬೇರೆ, ಮೂರು ಶತಕ ಬೇರೆ. 2016ರಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ವಿರುದ್ಧ ಕರುಣ್ ನಾಯರ್ ಅಜೇಯ 303 ಹೊಡೆದರು. ಅದು ತ್ರಿಶತಕ, ಆದರೂ ಶತಕಗಳ ಕಾಲಂನಲ್ಲಿ ಸೇರುವುದು ಒಂದೇ.

ಕಚೇರಿ ಕಾಗದಗಳಲ್ಲಿ ‘ಟ್ರಿಪ್ಲಿಕೇಟ್’ಗೆ ‘ಮೂರು ಪ್ರತಿಗಳಲ್ಲಿ’ ಸಾಕು. ‘ತ್ರಿಪ್ರತಿ’ ಎಂದರೆ ಕೌಂಟರಿನಲ್ಲಿ ಮತ್ತೆ ವಿವರಿಸಬೇಕಾಗುತ್ತದೆ. ಜಿಎಸ್‌ಟಿಯಲ್ಲಿ ಸರಕಿನ ಇನ್‌ವಾಯ್ಸ್ ಮೂರು ಪ್ರತಿ: ಒರಿಜಿನಲ್ ಕೊಂಡವರಿಗೆ, ಡೂಪ್ಲಿಕೇಟ್ ಸಾಗಿಸುವವರಿಗೆ, ಟ್ರಿಪ್ಲಿಕೇಟ್ ಮಾರಿದವರಿಗೆ. ಸೇವೆಗಾದರೆ ಎರಡೇ. ಇದನ್ನು ಕನ್ನಡಕ್ಕೆ ತರುವಾಗ ಡೂಪ್ಲಿಕೇಟನ್ನು ‘ನಕಲಿ ಪ್ರತಿ’ ಎಂದು ಬರೆದರೆ ಲಾರಿ ಚಾಲಕ ದಾರಿಯ ತಪಾಸಣೆಯಲ್ಲಿ ತೋರಿಸುವುದೇ ಖೋಟಾ ಬಿಲ್ ಎಂದಾಯಿತು. ನಕಲು ಅಂದರೆ ಪ್ರತಿ, ನಕಲಿ ಅಂದರೆ ಸುಳ್ಳಿನದು. ಮೊದಲನೇ ಪ್ರತಿ, ಎರಡನೇ ಪ್ರತಿ, ಮೂರನೇ ಪ್ರತಿ ಎಂದು ಬರೆದು, ಯಾರಿಗೆ ಸೇರಿದ್ದು ಎಂಬುದನ್ನು ಅದೇ ಸಾಲಿನಲ್ಲಿ ಹಾಕಿ.