ಚಪ್ಲಿ ಸಿಕ್ವೋ ಇಲ್ಲೋ?

ಮಂಗಳವಾರದಿಂದ ನನ್ನ ಫೋನಿಗೆ ಪುರುಸೊತ್ತಿಲ್ಲ. ಕಾಲೇಜು ಬಿಟ್ಟಮೇಲೆ ಒಂದು ಮಾತೂ ಆಡದವರೆಲ್ಲ ಅದೇ 41 ಸೆಕೆಂಡಿನ ರೀಲ್ ಅನ್ನು ನನಗೇ ಕಳಿಸಿ, 'ಇಂವ ನೀನ ಏನಲೇ?' ಅಂತ ಕೇಳ್ತಿದ್ದಾರೆ. ಹೌದು, ನಾನೇ. ಆದರೆ ಅದರಲ್ಲಿ ನಗಿಸಿದವನು ನಾನಲ್ಲ.

ಭಾನುವಾರ ಸಂಜೆ, ಟಿಳಕವಾಡಿಯ ಒಂದು ಕೆಫೆಯ ಮೇಲಿನ ಮಹಡಿಯಲ್ಲಿ ಸ್ಟ್ಯಾಂಡ್‌ಅಪ್ ಕಾಮಿಡಿ. ಹೊರಗೆ ಬೆಳಗಾವಿಯ ಮಳೆ, ಒಳಗೆ 45 ಕುರ್ಚಿ, ಮೂವತ್ತರಷ್ಟು ಮಂದಿ. ಮುಂದಿನ ಸಾಲು ಖಾಲಿ. ಈಗ ಎಲ್ಲ ಕಡೆಯೂ ಹಾಗೇ. ಮುಂದೆ ಕೂತರೆ ಮೈಕ್ ಹಿಡಿದವನು 'ಏನ್ ಕೆಲಸ? ಮದುವೆ ಆಗಿದ್ಯಾ?' ಅಂತ ಶುರು ಹಚ್ಚಿಕೊಳ್ತಾನೆ ಅನ್ನೋದು ಜನಕ್ಕೆ ಗೊತ್ತಾಗಿದೆ. ಆ ಖಾಲಿ ಸಾಲಿನ ನಟ್ಟನಡುವೆ ಇಬ್ಬರೇ ಇದ್ದರು: ಇಂಜಿನಿಯರಿಂಗ್ ಓದುವ ಒಬ್ಬ ಹುಡುಗಿ, ಪಕ್ಕದಲ್ಲಿ ಅವಳ ಅಜ್ಜ. ಧೋತರ, ಬಿಳಿ ಟೋಪಿ. ಒದ್ದೆ ಛತ್ರಿಯನ್ನು ಎರಡು ಕಾಲಿನ ನಡುವೆ ಊರಿ, ಹಿಡಿಕೆಯ ಮೇಲೆ ಗದ್ದ ಇಟ್ಟು ಕೂತಿದ್ದರು. ಮುಂದಿನ ಸಾಲು ಅಪಾಯ ಅಂತ ಪಾಪ ಅವರಿಗೆ ಯಾರೂ ಹೇಳಿಲ್ಲ ಅಂದುಕೊಂಡೆ. ಅಪಾಯ ಯಾರಿಗೆ ಅನ್ನೋದು ಆಮೇಲೆ ಗೊತ್ತಾಯಿತು.

ನನ್ನದು ಏಳು ನಿಮಿಷದ ಸ್ಲಾಟ್. ಹಗಲು ವಿಮೆ ಮಾರುವವನು ನಾನು, ಭಾನುವಾರ ಮಾತ್ರ ಈ ಚಟ. ನಾಲ್ಕು ತಿಂಗಳು ಬರೆದು, ಹೊಡೆದುಹಾಕಿ, ಮತ್ತೆ ಬರೆದು ತಿದ್ದಿದ ಒಂದೇ ಒಂದು ಕಥೆ ನನ್ನ ಹತ್ತಿರ ಇದೆ. ನಮ್ಮಪ್ಪನ ಚಪ್ಪಲಿಯ ಕಥೆ. ಅಥಣಿ ಕಡೆ ಮಾಡಿಸಿದ ಕೊಲ್ಹಾಪುರಿ, ನಡೆದರೆ ಕರ್ರ್ ಕರ್ರ್ ಅನ್ನುವಂಥದ್ದು. ಆಗೆಲ್ಲ ಸದ್ದು ಬರಬೇಕು ಅಂತಲೇ ಹೇಳಿ ಮಾಡಿಸೋರು. ಅಪ್ಪ ಓಣಿಯ ತುದಿಗೆ ಬಂದರೆ ಮನೆಯಲ್ಲಿ ನಾವು ಪುಸ್ತಕ ತೆಗೀತಿದ್ದೆವು.

ಕಥೆ ಶುರುವಾಗೋದು ಒಂದು ಗ್ಯಾರಂಟಿ ಜೋಕಿನಿಂದ. 'ಗಡಿ ವಿಷಯದಾಗ ಕರ್ನಾಟಕ, ಮಹಾರಾಷ್ಟ್ರ ಎರಡೂ ಒಪ್ಪಿದ್ದು ಒಂದ ಸಲ ನೋಡ್ರಿ. 2019ರಾಗ, ಕೊಲ್ಹಾಪುರಿ ಚಪ್ಲಿ ಈ ಸೀಮಿದ ಅಂತ ಜಿಐ ಟ್ಯಾಗ್ ಕೊಟ್ಟಾಗ. ಆಕಡಿ ನಾಕ ಜಿಲ್ಲಾ, ಈಕಡಿ ನಾಕ ಜಿಲ್ಲಾ. ಅಂದ್ರ ನಮ್ಮ ಒಗ್ಗಟ್ಟು ಇರೂದು ಕಾಲಾಗ.' ಹುಬ್ಬಳ್ಳಿಯಲ್ಲಿ, ವಿಜಯಪುರದಲ್ಲಿ ಎರಡು ಕಡೆಯೂ ಇದಕ್ಕೆ ನಗೆ ಬಿದ್ದಿದೆ. ಭಾನುವಾರ ಯಾರೂ ತುಟಿ ಬಿಚ್ಚಲಿಲ್ಲ.

ತಪ್ಪು ಜೋಕಿನದಲ್ಲ. ನನಗಿಂತ ಮೊದಲು ನಿರೂಪಣೆಗೆ ನಿಂತಿದ್ದ ಬೆಂಗಳೂರಿನ ಹುಡುಗ ರೂಮ್ ಬಿಸಿ ಮಾಡ್ತೀನಿ ಅಂತ ಹೋಗಿ ತಣ್ಣಗೆ ಮಾಡಿಟ್ಟಿದ್ದ. 'ಇಲ್ಲಿ ಕನ್ನಡದವ್ರು ಯಾರು? ಮರಾಠಿಯವ್ರು ಯಾರು? ಜೋರಾಗಿ ಕೂಗಿ ನೋಡೋಣ!' ಬೆಂಗಳೂರಿನಲ್ಲಿ ಈ ಪ್ರಶ್ನೆಗೆ ಒಬ್ಬೊಬ್ಬರು ಒಂದೊಂದು ರಾಜ್ಯದ ಹೆಸರಿಗೆ ಸಿಳ್ಳೆ ಹೊಡೀತಾರೆ. ಬೆಳಗಾವಿಯಲ್ಲಿ ಇದು 1956ರಿಂದ ಕೇಳಿ ಕೇಳಿ ಸಾಕಾದ ಪ್ರಶ್ನೆ, 2004ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಪ್ರಶ್ನೆ. ಮನೆಯಲ್ಲಿ ಒಂದು ಭಾಷೆ, ಅಂಗಡಿಯಲ್ಲಿ ಇನ್ನೊಂದು, ಬೈಯುವಾಗ ಎರಡೂ ಅಂತ ಬದುಕೋ ಜನ ಕೆಫೆಯಲ್ಲಿ ಕೈ ಎತ್ತಿ ಲೆಕ್ಕ ಕೊಡ್ತಾರಾ? ಎಲ್ಲರೂ ಕಾಫಿ ಕಪ್ಪಿನೊಳಗೆ ನೋಡಿದರು. ಅವನಿಗೆ ತಿಳಿಯಲಿಲ್ಲ, ಅಡ್ಡಹೆಸರು ಕೇಳೋಕೆ ಶುರುಮಾಡಿದ. ಉಳ್ಳಾಗಡ್ಡಿ, ಮೆಣಸಿನಕಾಯಿ ಅನ್ನೋ ಹೆಸರು ಸಿಕ್ಕರೆ ನಗು ಅಂತ ಯಾರೋ ಹೇಳಿ ಕಳಿಸಿರಬೇಕು. ನಮ್ಮ ಕಡೆ ಅಡ್ಡಹೆಸರು ಕೇಳಿದರೆ ಜಾತಿ ಕೇಳಿದ ಹಾಗೆ ಅಂತ ಮಾತ್ರ ಹೇಳಿರಲಿಲ್ಲ. ಹುಡುಗ ಕೆಟ್ಟವನಲ್ಲ. ಕಾರ್ಯಕ್ರಮ ಮುಗಿದ ಮೇಲೆ ನನಗೆ ಚಹಾ ಕುಡಿಸಿದ. ಆದರೆ ಊರು ಗೊತ್ತಿಲ್ಲದವನು ಜನರ ಜೊತೆ ಮಾತಾಡ್ತೀನಿ ಅಂತ ಹೊರಡಬಾರದು, ಬರಕೊಂಡು ಬಂದಿದ್ದನ್ನ ಹೇಳಿ ಹೋಗಬೇಕು.

ಇರಲಿ, ಅವನನ್ನು ಬೈಯೋಕೆ ನನಗೇನು ಹಕ್ಕು. ನಾನು ಮಾಡಿದ್ದು ಅದಕ್ಕಿಂತ ಕಡೆ.

ಕಥೆಯಲ್ಲಿ ಅಪ್ಪ ಭಾರತ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗ್ತಾರೆ. ದರ್ಶನ ಮುಗಿಸಿ ಬಂದು ನೋಡಿದರೆ ಚಪ್ಪಲಿ ಇಲ್ಲ. ಲಕ್ಷಗಟ್ಟಲೆ ಜನ, ಎಲ್ಲಿ ನೋಡಿದರೂ ಅದೇ ಬಣ್ಣದ ಚಪ್ಪಲಿ. ಅಪ್ಪ ಏನು ಮಾಡ್ತಾರೆ ಅಂದರೆ, ಗುಡ್ಡ ಇಳಿಯೋ ದಾರಿಯ ಬದಿಗೆ ನಿಂತು ಕಣ್ಣು ಮುಚ್ಚುತ್ತಾರೆ. ಸದ್ದಿನಿಂದ ಹಿಡಿಯೋಣ ಅಂತ. ಉಧೋ ಉಧೋ, ಜಾಗಟೆ, ಎತ್ತಿನ ಕೊರಳ ಗಂಟೆ, ಭಂಡಾರ ಮಾರುವವರ ಕೂಗು, ಅದೆಲ್ಲದರ ನಡುವೆ ತನ್ನ ಚಪ್ಪಲಿಯ ಕರ್ರ್ ಹುಡುಕುತ್ತ ನಿಂತಿದ್ದಾರೆ.

ಇಲ್ಲಿ ನಗು ಬರೋದಿಲ್ಲ, ಬರಬಾರದು ಕೂಡ. ಇದು ಕಟ್ಟೋ ಜಾಗ, ನಗೆ ಮುಂದಿದೆ. ನಾನೇ ಬರೆದಿದ್ದು, ನನಗೇ ಗೊತ್ತಿದ್ದದ್ದು. ಆದರೆ ಮೊದಲ ಜೋಕು ಬಿದ್ದುಹೋಗಿತ್ತಲ್ಲ, ಎದೆ ಡವಡವ. ಕೇಳುವವರ ಮೌನ, ಬೇಸರ ಬಂದವರ ಮೌನ ಎರಡೂ ಬೆಳಕಿನ ಹಿಂದೆ ಒಂದೇ ಥರ ಕಪ್ಪಗಿರುತ್ತವೆ. ಹೆದರಿದೆ. ಅಪ್ಪನನ್ನು ಗುಡ್ಡದ ಮೇಲೆ ಹಾಗೇ ಕಣ್ಣು ಮುಚ್ಚಿಸಿ ಬಿಟ್ಟು ಮುಂದಿನ ಸಾಲಿಗೆ ಬಗ್ಗಿದೆ.

'ಅಜ್ಜಾರ, ನೀವು ಏನ್ ಮಾಡ್ತೀರಿ?'

ಅಜ್ಜ ಛತ್ರಿಯ ಹಿಡಿಕೆಯಿಂದ ಗದ್ದ ಎತ್ತಿದರು. 'ಸದ್ಯಕ್ಕ ನೀ ಯಾವಾಗ ನಗಸ್ತಿ ಅಂತ ಕಾಯಾಕತ್ತೀನಪಾ.'

ಕೆಫೆ ಸ್ಫೋಟವಾಯಿತು. ಕೆಳಗೆ ಕೌಂಟರಿನಲ್ಲಿದ್ದ ಹುಡುಗ ಏನಾಯಿತು ಅಂತ ಮೆಟ್ಟಿಲು ಹತ್ತಿ ಬಂದ. ಕನ್ನಡದವರು, ಮರಾಠಿಯವರು, ಉಳ್ಳಾಗಡ್ಡಿಯವರು ಎಲ್ಲರೂ ಒಟ್ಟಿಗೆ ನಕ್ಕರು. ನಾನು ಬಾಯಿ ತೆರೆದು ನಿಂತಿದ್ದೆ. ರೀಲಿನಲ್ಲಿ ಎಣಿಸಿದ್ದೇನೆ, ನಾಲ್ಕು ಸೆಕೆಂಡು. ಕೊನೆಗೆ ಹೇಗೋ, 'ಟಿಕೆಟ್ ರೊಕ್ಕ ವಾಪಸ್ ಕೊಡ್ಲೇನ್ರಿ?' ಅಂದೆ. ಮತ್ತೆ ನಗು. ರೀಲ್ ಅಲ್ಲಿಗೆ ಮುಗಿಯುತ್ತದೆ.

ಆದರೆ ಅಜ್ಜ ಅಲ್ಲಿಗೆ ಮುಗಿಸಿರಲಿಲ್ಲ. ನಗು ಇಳಿದ ಮೇಲೆ, ಮೈಕಿಗೆ ಸಿಗದಷ್ಟು ಸಣ್ಣ ದನಿಯಲ್ಲಿ, ನನಗೊಬ್ಬನಿಗೇ ಅನ್ನೋ ಹಾಗೆ ಕೇಳಿದರು: 'ರೊಕ್ಕ ಇರ್ಲಿ ಬಿಡೋ ತಮ್ಮಾ. ಆ ಚಪ್ಲಿ ಸಿಕ್ವೋ ಇಲ್ಲೋ, ಅದನ್ನರ ಹೇಳು.'

ಅಷ್ಟರಲ್ಲಿ ಹಿಂದಿನಿಂದ ಮೊಬೈಲ್ ಟಾರ್ಚ್ ಬೀಸಿದರು. ಟೈಮ್ ಆಯ್ತು ಅಂತ. 'ಥ್ಯಾಂಕ್ಯೂ ಬೆಳಗಾವಿ!' ಅಂದು ಇಳಿದುಬಂದೆ. ಚಪ್ಪಾಳೆ ಜೋರಾಗಿತ್ತು. ಬೆನ್ನು ತಟ್ಟಿದರು. 'ಏನ್ ಕ್ರೌಡ್ ವರ್ಕ್ ಗುರೂ!' ಅಂದ ಆ ಬೆಂಗಳೂರಿನ ಹುಡುಗ.

ಕ್ರೌಡ್ ವರ್ಕ್, ಅಂದರೆ ಪ್ರೇಕ್ಷಕರನ್ನು ಮಾತಿಗೆಳೆದು ನಗಿಸೋದು, ಅದರ ಗುಟ್ಟು ಹೇಳಿಬಿಡ್ತೀನಿ, ನನ್ನ ಜೊತೆಯವರು ಬೈದುಕೊಳ್ಳಲಿ. ಅದು ಆ ಕ್ಷಣಕ್ಕೆ ಹುಟ್ಟಿದ್ದು ಅಂತ ನೀವು ಅಂದುಕೊಳ್ತೀರಿ. ಅರ್ಧಕ್ಕರ್ಧ ಅಲ್ಲ. 'ಏನ್ ಮಾಡ್ತೀರಿ' ಅಂತ ಕೇಳೋ ಮೊದಲೇ ಕಿಸೆಯಲ್ಲಿ ಉತ್ತರ ಇಟ್ಟುಕೊಂಡಿರುತ್ತೇವೆ. ರೈತ ಅಂದರೆ ಒಂದು, ಮಾಸ್ತರ ಅಂದರೆ ಒಂದು, ರಿಟೈರ್ಡ್ ಅಂದರೆ ಎರಡು, ಸಾಫ್ಟ್‌ವೇರ್ ಅಂದರೆ ಲೆಕ್ಕವೇ ಇಲ್ಲ. ನೂರು ಕಾರ್ಯಕ್ರಮ ಮಾಡಿದವನಿಗೆ ಹೊಸ ಉತ್ತರ ಸಿಗೋದೇ ಅಪರೂಪ. ಹಾಗಂತ ಎಲ್ಲರದೂ ಕಳ್ಳಾಟ ಅಲ್ಲ. ಅಮೆರಿಕದ ಕಾಮಿಡಿಯನ್ ಟಾಡ್ ಬ್ಯಾರಿ, ಬರೆದ ಜೋಕು ಬಿಟ್ಟು ಬರೀ ಪ್ರೇಕ್ಷಕರ ಜೊತೆ ಮಾತಾಡಿದ್ದನ್ನೇ 2014ರಲ್ಲಿ ಒಂದು ಪೂರ್ತಿ ಕಾರ್ಯಕ್ರಮವಾಗಿ ತಂದಿದ್ದ. ಅದಕ್ಕೆ ಬೇರೆಯದೇ ಗುಂಡಿಗೆ ಬೇಕು. ನನ್ನಂಥವರು ಅದಕ್ಕೆ ಕೈಹಾಕೋದು ರೀಲಿಗಾಗಿ. ಬರೆದ ಜೋಕು ಒಮ್ಮೆ ಫೋನಿಗೆ ಬಿತ್ತು ಅಂದರೆ ಸುಟ್ಟುಹೋದ ಹಾಗೆ. ಮುಂದಿನ ಊರಿನಲ್ಲಿ ಪಂಚ್ ನಾವು ಹೇಳೋ ಮೊದಲು ಅವರೇ ಹೇಳ್ತಾರೆ. ಒಂದು ತಾಸಿನ ಸರಕು ಕಟ್ಟೋಕೆ ವರ್ಷ ಹಿಡಿಯುತ್ತೆ, ಅದನ್ನ ಸುಡೋಕೆ ಯಾರಿಗೆ ಮನಸ್ಸು ಬರುತ್ತೆ? ಅದಕ್ಕೆ ಅಜ್ಜನಂಥವರನ್ನು ಸುಡೋದು. ಅವರು ನಮ್ಮ ಖರ್ಚಿನ ಲೆಕ್ಕಕ್ಕೆ ಬರೋದಿಲ್ಲ ನೋಡಿ.

ರೀಲ್ ಹಾಕಿದ್ದು ಆಯೋಜಕರು. ಅಜ್ಜನನ್ನು ಒಂದು ಮಾತು ಕೇಳಿದಿರಾ ಅಂದೆ. 'ಟಿಕೆಟ್ ಮ್ಯಾಲ ಬರದೈತಿ, ರೆಕಾರ್ಡ್ ಮಾಡ್ತೀವಂತ' ಅಂದರು. ಸರಿ ಅಂದುಬಿಟ್ಟೆ. ಹೆಸರು ನನ್ನದು ಬರ್ತಿತ್ತಲ್ಲ. ಬುಧವಾರದ ಹೊತ್ತಿಗೆ 70 ಸಾವಿರ ದಾಟಿತ್ತು. ನನ್ನ ಹೆಂಡತಿ ಮೂರು ಸಲ ನೋಡಿ ನಕ್ಕು, ಫೋನ್ ವಾಪಸ್ ಕೊಡುತ್ತ ಅಂದಳು: 'ಆ ಅಜ್ಜಾರನ್ನ ಊರೂರಿಗೆ ಕರಕೊಂಡ ತಿರುಗ್ರಿ. ನಿಮಗ ಕೆಲಸಾನ ಇರೂದಿಲ್ಲ.' ನನ್ನ ಸೆಟ್ ಬಗ್ಗೆ ಅವಳ ಅಭಿಪ್ರಾಯ ಯಾವತ್ತೂ ಹೀಗೇ, ಚುಟುಕು.

ಅಜ್ಜನ ಪ್ರಶ್ನೆ ಮಾತ್ರ ಬಿಡಲಿಲ್ಲ. ಆಫೀಸಿನಲ್ಲಿ ಪಾಲಿಸಿ ಫಾರ್ಮ್ ತುಂಬುವಾಗ, ಗೋಗಟೆ ಸರ್ಕಲ್ ಹತ್ತಿರ ಸಿಗ್ನಲ್ಲಿಗೆ ನಿಂತಾಗ, ಅದೇ. ಆ ಚಪ್ಲಿ ಸಿಕ್ವೋ ಇಲ್ಲೋ. ಮೂವತ್ತು ಜನರಲ್ಲಿ ಒಬ್ಬರಾದರೂ ಕಥೆಯ ಒಳಗೆ ಹೋಗಿ ಕೂತಿದ್ದರು, ನಾನು ಅವರನ್ನು ಅಲ್ಲಿಂದ ಎಬ್ಬಿಸಿ 'ಏನ್ ಮಾಡ್ತೀರಿ' ಅಂತ ಕೇಳಿದ್ದೆ.

ಕಥೆಯ ನಡುವೆ ಜನರನ್ನು ಮಾತಿಗೆಳೆಯೋದು ನಮ್ಮ ಕಡೆಯವರಿಗೇನು ಹೊಸದಾ? ಚಿಕ್ಕವನಿದ್ದಾಗ ರಾತ್ರಿಯಿಡೀ ಕೃಷ್ಣ ಪಾರಿಜಾತ ನೋಡಿದವನು ನಾನು. ಗೋಕಾಕ ಕಡೆಯ ಕುಲಗೋಡ ತಮ್ಮಣ್ಣ ರಂಗಕ್ಕೆ ಹೊಂದಿಸಿದ ಆಟ. ಹಾಡು ಅಕ್ಷರ ಆಚೀಚೆ ಆಗೋ ಹಾಗಿಲ್ಲ, ಆದರೆ ನಡುವೆ ಸತ್ಯಭಾಮೆಯ ದೂತಿ ಮತ್ತು ಭಾಗವತನ ಮಾತಿಗೆ ಬರಹ ಅಂತ ಇಲ್ಲ. ಆ ಊರಿನ ಗೌಡ, ಅಲ್ಲೇ ಮುಂದೆ ತೂಕಡಿಸುತ್ತಿರುವ ಶಾನುಭೋಗ, ಹೊಸದಾಗಿ ಮದುವೆಯಾದ ಹುಡುಗ ಎಲ್ಲರೂ ಆಟದೊಳಗೆ ಬಂದು ಹೋಗೋರು. ದೂತಿ ಅರ್ಧ ತಾಸು ಜನರನ್ನು ಕಾಲೆಳೆದು ನಗಿಸಿದರೂ ಕೊನೆಗೆ 'ಅವ್ವಾರು ಕಾಯಾಕತ್ತಾರ' ಅಂತ ಸೆರಗು ಕೊಡವಿ ತಿರುಗೋಳು. ಅಲ್ಲಿ ಭಾಮೆ ಕಾಯ್ತಿದ್ದಾಳೆ, ಪಾರಿಜಾತದ ಜಗಳ ಇನ್ನೂ ಮುಗಿದಿಲ್ಲ. ಹಾರ್ಮೋನಿಯಂ ಹಿಡಿಯುತ್ತಿದ್ದ ಹಾಗೆ ಇಡೀ ಓಣಿ ಮತ್ತೆ ಕಥೆಗೆ ಬರುತ್ತಿತ್ತು. ಭಾಮೆಯನ್ನು ನಡುವೆ ಬಿಟ್ಟು ದೂತಿ ಮನೆಗೆ ಹೋದ ಆಟವನ್ನ ನಾನು ನೋಡಿಲ್ಲ.

ಇನ್ನೊಂದು ಮಾತು. ಗಂಗಾವತಿ ಪ್ರಾಣೇಶರ ಹಾಸ್ಯಕ್ಕೆ ನಮ್ಮ ಮನೆಯಲ್ಲಿ ಈಗಲೂ ಎಲ್ಲರೂ ಕೂಡುತ್ತಾರೆ, ಹತ್ತು ಸಲ ಕೇಳಿದ್ದಕ್ಕೆ ಹನ್ನೊಂದನೇ ಸಲ ನಗುತ್ತಾರೆ. ನಗೆ ಬರೋ ಮೊದಲೇ ನಮ್ಮವ್ವ ಸೆರಗು ಬಾಯಿಗೆ ಹಿಡಿದು ರೆಡಿಯಾಗಿರುತ್ತಾಳೆ. ಅವಳ ಮುಂದೆ ಜೋಕು ಸುಟ್ಟುಹೋಗುತ್ತೆ ಅನ್ನೋ ನಮ್ಮ ಲೆಕ್ಕ ನಡೆಯೋದಿಲ್ಲ.

ಗುರುವಾರ ಆ ಹುಡುಗಿ ಇನ್‌ಸ್ಟಾಗ್ರಾಮಿನಲ್ಲಿ ಮೆಸೇಜ್ ಮಾಡಿದಳು. ರೀಲ್ ತೆಗೀರಿ ಅಂತಾಳೇನೋ ಅಂದುಕೊಂಡು ತೆರೆದೆ. 'ಸರ್, ಅಜ್ಜಾಗ ವಿಡಿಯೋ ತೋರಿಸಿದೆ, ನಕ್ಕರು. ಆದ್ರ ಚಪ್ಲಿ ಏನಾತು ಅಂತ ಮತ್ತ ಕೇಳಾಕತ್ತಾರ. ಊರಿಗೆ ಹೋಗೂಕಿಂತ ಮೊದಲ ಹೇಳ್ತೀರೇನು?'

ನಾನು ಬರೆದಿಟ್ಟ ಕೊನೆ ಇದೆ. ಅಪ್ಪ ಕಣ್ಣು ತೆರೆದು ನೋಡಿದರೆ ಚಪ್ಪಲಿ ಇರೋದು ಬಂದೋಬಸ್ತಿಗೆ ಬಂದ ಪೊಲೀಸಪ್ಪನ ಕಾಲಲ್ಲಿ. ಅಪ್ಪ ಕೈ ಮುಗಿದು, 'ಚೊಲೋ ಒಪ್ಪತಾವ ಸಾಹೇಬ್ರ' ಅಂದು ಬರಿಗಾಲಲ್ಲಿ ಗುಡ್ಡ ಇಳೀತಾರೆ. ಒಳ್ಳೆಯ ಪಂಚ್. ಅದನ್ನು ಟೈಪ್ ಮಾಡಿದೆ, ಕಳಿಸೋಕೆ ಕೈ ಬರಲಿಲ್ಲ. ಪೊಲೀಸಪ್ಪ ನಾನು ಸೇರಿಸಿದವನು. ಅಪ್ಪ ಈ ಕಥೆ ಹೇಳುವಾಗ ಯಾವತ್ತೂ ಕಣ್ಣು ಮುಚ್ಚಿ ನಿಂತಲ್ಲಿಗೇ ನಿಲ್ಲಿಸಿ ಎಲೆಅಡಿಕೆಗೆ ಕೈಹಾಕುತ್ತಿದ್ದರು. ಮುಂದೇನಾಯಿತು ಅಂತ ಇಷ್ಟು ವರ್ಷ ನಾನೂ ಕೇಳಿರಲಿಲ್ಲ. ಊರಿಗೆ ಫೋನ್ ಹಚ್ಚಿದೆ.

'ಯಪ್ಪಾ, ಯಲ್ಲಮ್ಮನ ಗುಡ್ಡದಾಗ ನಿನ್ನ ಚಪ್ಲಿ ಕಳದಿದ್ವಲ್ಲಾ, ಖರೇ ಹೇಳು. ಸಿಕ್ವೋ ಇಲ್ಲೋ?'

ಆ ಕಡೆ ಟಿವಿಯ ಸದ್ದು ಸಣ್ಣಗಾಯಿತು.

'ಸಿಕ್ವು. ಯಾಂವೋ ಒಬ್ಬಾಂವ ಹಾಕ್ಕೊಂಡಿದ್ದ. ಜಗಳಾ ಮಾಡಿ ಕಸಗೊಂಡ್ನಿ. ನಾಕ ಮಂದಿ ನನ್ನ ಕಡೇನ ಮಾತಾಡಿದ್ರು.'

'ಮತ್ತ ಇದನ್ನ ಯಾಕ ಹೇಳಿಲ್ಲ?'

'ಊರಿಗೆ ಬಂದು ಅಂಗಳದಾಗ ನಡದಾಗ ಗೊತ್ತಾತು,' ಅಂದರು ಅಪ್ಪ. 'ಸಪ್ಪಳಾನ ಬ್ಯಾರೆ. ಅವು ನನ್ನೂ ಅಲ್ಲ.'

ನನಗೆ ನಗು ತಡೆಯಲಾಗಲಿಲ್ಲ. ಅಪ್ಪ ನಗಲಿಲ್ಲ.

'ಅಂವ ಪಾಪ,' ಅಂದರು, 'ಬರಿಗಾಲಲೆ ಗುಡ್ಡಾ ಇಳದ.'