ಹಕ್ಕಿಯ ಹೆಸರಿನಲ್ಲಿ ಬಂದ ಪ್ಯಾಚ್

ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಕೋಷ್ಟಕದ) ಫೈಲುಗಳನ್ನು ಓದುವ ಒಂದು ಚಿಕ್ಕ ಓಪನ್ ಸೋರ್ಸ್ ಲೈಬ್ರರಿಯನ್ನು ನಾವು ಕೆಲವರು ಸೇರಿ ನೋಡಿಕೊಳ್ಳುತ್ತೇವೆ. ಅದಕ್ಕೊಂದು ದಿನ ಪುಲ್ ರಿಕ್ವೆಸ್ಟ್, ಅಂದರೆ ಕೋಡಿನ ತಿದ್ದುಪಡಿಯೊಂದನ್ನು (ಪ್ಯಾಚ್) ಸೇರಿಸಿಕೊಳ್ಳಿ ಎಂಬ ಕೋರಿಕೆ, ಬಂತು. ಕಳಿಸಿದವರ ಖಾತೆಗೆ ಒಂದು ಹಕ್ಕಿಯ ಹೆಸರು. ಫೋಟೊ ಇಲ್ಲ, ಊರು, ಕೆಲಸ ಯಾವುದೂ ಇಲ್ಲ.

ಪ್ಯಾಚ್ ಮಾತ್ರ ಅಚ್ಚುಕಟ್ಟಾಗಿತ್ತು. ಫೈಲಿನ ಕೊನೆಯಲ್ಲಿ ಉದ್ಧರಣ ಚಿಹ್ನೆ ತೆರೆದು ಮುಚ್ಚದೇ ಬಿಟ್ಟಿದ್ದರೆ ಫೈಲನ್ನು ಓದಿ ಬಿಡಿಸುವ ನಮ್ಮ ಪಾರ್ಸರ್, ಅದಕ್ಕೆಂದು ಮೀಸಲಿಟ್ಟ ಮೆಮೊರಿ (ಬಫರ್) ಮುಗಿದ ಮೇಲೂ ಒಂದು ಬೈಟ್ ಮುಂದಕ್ಕೆ ಓದುತ್ತಿತ್ತು. ಇಷ್ಟು ಕಾಲ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬದಲಾವಣೆ ಒಂದೇ ಸಾಲು; ಜೊತೆಗೆ ದೋಷವನ್ನು ತೋರಿಸುವ 7 ಬೈಟಿನ ಟೆಸ್ಟ್ ಫೈಲ್. ಹಳೆಯ ಕೋಡನ್ನು ಮೆಮೊರಿಯ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಜೊತೆ ಓಡಿಸಿದೆ, ಟೆಸ್ಟ್ ಕೂಡಲೇ ಬಿತ್ತು. ಪ್ಯಾಚ್ ಹಾಕಿದೆ, ಪಾಸಾಯಿತು.

ತೊಡಕಿದ್ದದ್ದು ನಮ್ಮ ನಿಯಮದಲ್ಲಿ. ‘ನಿಜವಾದ ಹೆಸರಿನಲ್ಲೇ ಸೈನ್-ಆಫ್ ಮಾಡಬೇಕು’ ಎಂದು ಬರೆದಿಟ್ಟಿದ್ದೆವು. ಸೈನ್-ಆಫ್ ಎಂದರೆ ಈ ಕೋಡ್ ಕೊಡುವ ಹಕ್ಕು ನನಗಿದೆ ಎಂದು ಹೆಸರು ಹಾಕಿ ಬರೆಯುವ ಸಾಲು. ಈ ಪದ್ಧತಿಯ ಮೂಲ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್. ತನ್ನ ಯುನಿಕ್ಸ್ ಕೋಡನ್ನು ಐಬಿಎಂ ಲಿನಕ್ಸ್‌ನೊಳಗೆ ಸೇರಿಸಿದೆ ಎಂದು ಎಸ್‌ಸಿಒ ಕಂಪನಿ 2003ರಲ್ಲಿ ಅದರ ಮೇಲೆ ದಾವೆ ಹೂಡಿತು. ಕೋಡ್ ಎಲ್ಲಿಂದ ಬಂತು ಎಂಬುದಕ್ಕೆ ದಾಖಲೆ ಇರಲೆಂದು ಮರುವರ್ಷ ಕರ್ನಲ್‌ನಲ್ಲಿ ಸೈನ್-ಆಫ್ ಶುರುವಾಯಿತು. ಗುಪ್ತನಾಮ ಬೇಡ ಎಂಬ ಅವರ ಸಾಲು ಎಷ್ಟೋ ಪ್ರಾಜೆಕ್ಟುಗಳಿಗೆ ಹಾಗೆಯೇ ನಕಲಾಯಿತು.

“ನಾಳೆ ಯಾರಾದರೂ ಇದು ನಮ್ಮ ಕೋಡ್ ಅಂತ ಬಂದರೆ ಯಾರನ್ನ ಕೇಳೋಣ? ಎಕ್ಸ್‌ಝಡ್ ಕಥೆ ಮರೆತುಹೋಯ್ತಾ?” ಎಂದರು ನನ್ನ ಜೊತೆ ಮೇಂಟೇನರ್ ಆಗಿರುವ ಗೆಳೆಯರು, ಫೈಲು ಕುಗ್ಗಿಸುವ ಎಕ್ಸ್‌ಝಡ್ ತಂತ್ರಾಂಶದೊಳಗೆ ಗುಟ್ಟಾಗಿ ಒಳನುಗ್ಗುವ ಹಿಂಬಾಗಿಲು ಸೇರಿಸಿದ್ದನ್ನು ನೆನೆಸಿ. ಬೇಕಿದ್ದರೆ ಗುರುತಿನ ಚೀಟಿಯನ್ನು ಖಾಸಗಿಯಾಗಿ ತರಿಸಿಕೊಳ್ಳೋಣ ಎಂದೂ ಸೂಚಿಸಿದರು. ನಾನು ಒಪ್ಪಲಿಲ್ಲ. ಆ ಚೀಟಿ ಅಸಲಿಯೋ ನಕಲಿಯೋ ಎಂದು ತಿಳಿಯುವ ದಾರಿ ನಮಗಿಲ್ಲ. ಅದನ್ನು ಜೋಪಾನವಾಗಿ ಇಡುವ ಜಾಗವಂತೂ ಮೊದಲೇ ಇಲ್ಲ.

ಎಕ್ಸ್‌ಝಡ್ ಬಗೆಗಿನ ಅವರ ಆತಂಕ ಸುಳ್ಳಲ್ಲ. 2024ರ ಮಾರ್ಚ್‌ನಲ್ಲಿ ದೂರದ ಕಂಪ್ಯೂಟರಿಗೆ ಸೇರುವ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಕೆದಕಿದ್ದರಿಂದ ಆ ಹಿಂಬಾಗಿಲು ಬಯಲಾಯಿತು. ಆದರೆ ಅದನ್ನು ಒಳಗೆ ಸೇರಿಸಿದ ಖಾತೆಯ ಹೆಸರು ಜಿಯಾ ಟಾನ್. ಯಾರಿಗೂ ಅನುಮಾನ ಬಾರದ, ನಿಜವೆಂದೇ ತೋರುವ ಹೆಸರು. ನಮ್ಮ ನಿಯಮ ಅದನ್ನು ಸಲೀಸಾಗಿ ಒಳಗೆ ಬಿಡುತ್ತಿತ್ತು, ಹಕ್ಕಿಯ ಹೆಸರನ್ನು ಬಾಗಿಲಲ್ಲೇ ತಡೆಯುತ್ತಿತ್ತು. ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ಗೆ ಯಾವ ಹೆಸರು ಕೊಟ್ಟರೂ ಅದು ಮರುಮಾತಿಲ್ಲದೆ ಬರೆದುಕೊಳ್ಳುತ್ತದೆ. ಸೈನ್-ಆಫ್ ಪರೀಕ್ಷಿಸುವ ಬಾಟ್ ಕೂಡ ಅಲ್ಲಿನ ಹೆಸರು ಕಮಿಟ್ ಮಾಡಿದವರ, ಅಂದರೆ ಬದಲಾವಣೆ ದಾಖಲಿಸಿದವರ, ವಿವರಕ್ಕೆ ಹೊಂದುತ್ತದೆಯೇ ಎಂದಷ್ಟೇ ನೋಡುತ್ತದೆ.

ಎಕ್ಸ್‌ಝಡ್‌ನಲ್ಲಿ ಕೇಡು ಅಡಗಿದ್ದದ್ದು ಟೆಸ್ಟಿಗೆಂದು ಇಟ್ಟ, ನೇರವಾಗಿ ಓದಲಾಗದ ಬೈನರಿ ಫೈಲುಗಳಲ್ಲಿ, ಕೋಡನ್ನು ಓಡುವ ಪ್ರೋಗ್ರಾಮಾಗಿ ಕಟ್ಟುವ ಬಿಲ್ಡ್ ಸ್ಕ್ರಿಪ್ಟಿನಲ್ಲಿ. ಹಾಗಾಗಿ ನಮಗೆ ಬಂದ ಆ ಪುಟ್ಟ ಟೆಸ್ಟ್ ಫೈಲನ್ನು ಹೆಕ್ಸ್‌ನಲ್ಲಿ (ಪ್ರತಿ ಬೈಟನ್ನೂ ಎರಡಂಕಿಯ ಸಂಖ್ಯೆಯಾಗಿ ತೋರಿಸುವ ರೂಪ) ತೆರೆದು ಒಂದೊಂದೇ ಬೈಟ್ ಓದಿದೆ. ಮೂರು ಅಕ್ಷರ, ಎರಡು ಅಲ್ಪವಿರಾಮ, ನಡುವೆ ಒಂದು ಹೊಸ ಸಾಲು, ಕೊನೆಯಲ್ಲಿ 22. ಅದೇ ಮುಚ್ಚದೆ ಬಿಟ್ಟ ಉದ್ಧರಣ ಚಿಹ್ನೆ. ಬೇರೇನೂ ಇರಲಿಲ್ಲ. ಕಳಿಸಿದವರ ಹೆಸರು ಏನೇ ಇದ್ದಿದ್ದರೂ ನಾವು ಮಾಡಬೇಕಾದ ಕೆಲಸ ಇದೇ ಆಗಿತ್ತು.

ಕೃತಿಸ್ವಾಮ್ಯದ ವಿಷಯಕ್ಕೆ ಬಂದರೆ, ಅಂತರರಾಷ್ಟ್ರೀಯ ಬರ್ನ್ ಒಪ್ಪಂದ ಗುಪ್ತನಾಮದ ಕೃತಿಗಳಿಗೂ ರಕ್ಷಣೆ ಕೊಡುತ್ತದೆ. ಕರ್ನಲ್‌ನವರೇ 2023ರಲ್ಲಿ ತಮ್ಮ ಸಾಲನ್ನು ತಿದ್ದಿದರು: ಪರಿಚಿತ ಗುರುತು ಇದ್ದರೆ ಸಾಕು, ಪೂರ್ತಿ ಅನಾಮಧೇಯರಾಗಿ ಬರುವಂತಿಲ್ಲ. ಇದನ್ನು ಗೆಳೆಯರಿಗೆ ತೋರಿಸಿದೆ.

ಪ್ಯಾಚ್ ಕಳಿಸಿದವರಿಗೂ ಬರೆದಿದ್ದೆ. “ಸ್ವಂತ ಹೆಸರು ಕೊಡುವುದು ನನಗೆ ಕ್ಷೇಮವಲ್ಲ. ಕಾರಣ ಹೇಳಲಾರೆ. ಇದೇ ಹೆಸರಿನಲ್ಲಿ, ಇದೇ ಜಿಪಿಜಿ ಕೀಲಿಯಿಂದ ಡಿಜಿಟಲ್ ಸಹಿ ಮಾಡುತ್ತೇನೆ, ಕೇಳಿದ್ದಕ್ಕೆ ಉತ್ತರಿಸುತ್ತೇನೆ” ಎಂದು ಉತ್ತರ ಬಂತು. ಕಿರುಕುಳಕ್ಕೆ ಹೆದರಿಯೋ ಕೆಲಸದ ಜಾಗದ ಒತ್ತಡಕ್ಕೋ ಹೆಸರು ಮರೆಮಾಡುವವರು ಬಹಳ ಮಂದಿ ಇದ್ದಾರೆ. ಒಂದು ಬಗ್ ಸರಿಮಾಡಿ ಕೊಟ್ಟವರು ತಮ್ಮ ಕಷ್ಟವನ್ನು ನಮ್ಮ ಮುಂದೆ ಬಿಡಿಸಿಡಬೇಕು ಎಂದು ಬಯಸುವುದು ಕ್ರೌರ್ಯ ಎಂದೇ ನನ್ನ ಭಾವನೆ. ನಾನು ಮತ್ತೆ ಕೇಳಲಿಲ್ಲ.

ನಿಯಮ ಬದಲಾಯಿತು. ಹೆಸರು ಯಾವುದಾದರೂ ಸರಿ, ಅದು ಪದೇಪದೇ ಬದಲಾಗಬಾರದು. ಬರೆದರೆ ಉತ್ತರ ಬರುವ ಮಿಂಚಂಚೆ ಇರಬೇಕು. ಗೆಳೆಯರು ಇನ್ನೊಂದು ಸೇರಿಸಿದರು: ಬಿಲ್ಡ್ ಸ್ಕ್ರಿಪ್ಟ್ ಮತ್ತು ಬೈನರಿ ಫೈಲುಗಳ ಬದಲಾವಣೆಯನ್ನು, ಯಾರೇ ಕಳಿಸಿರಲಿ, ಇಬ್ಬರು ಓದಿಯೇ ಒಪ್ಪಬೇಕು. ಪ್ಯಾಚನ್ನು ಮರ್ಜ್ ಮಾಡಿ ಕೋಡಿಗೆ ಸೇರಿಸಿದವರೂ ಅವರೇ. ಮುಂದೆ ಬಿಲ್ಡ್ ಸ್ಕ್ರಿಪ್ಟಿಗೆ ಮೊದಲು ಬಂದ ಬದಲಾವಣೆ ಪೂರ್ತಿ ಹೆಸರು, ಕಂಪನಿಯ ಮಿಂಚಂಚೆ ಎಲ್ಲ ಇದ್ದವರದು. ಗೆಳೆಯರು ತಾವು ಓದಿ ಮುಗಿಸಿ, ಓದಬೇಕಾದ ಎರಡನೆಯವನಾಗಿ ನನ್ನ ಹೆಸರು ಸೇರಿಸಿ, ನಾನು ಓದುವ ತನಕ ಅದನ್ನು ಅಲ್ಲಿಗೇ ನಿಲ್ಲಿಸಿದರು.